ಕಸ ಆಗುವುದಕ್ಕೆ ಮೊದಲು

ಊಟದ ಬಿಡುವು ಮುಗಿದ ಮೇಲೆ ಯಾವುದಾದರೂ ತರಗತಿಯ ಕಸದ ಬುಟ್ಟಿಯನ್ನು ಬಗ್ಗಿ ನೋಡಿ. ಹರಿದ ನೋಟುಪುಸ್ತಕದ ಹಾಳೆ, ಮುಗಿದ ರೀಫಿಲ್, ಚಿಪ್ಸ್ ಪೊಟ್ಟಣ, ಅದರ ಮೇಲೆ ಡಬ್ಬಿಯಿಂದ ಕೊಡವಿದ ಚಿತ್ರಾನ್ನ! ಹಾಳೆಯೂ ಹಾಳಲ್ಲ, ಅನ್ನವೂ ಹಾಳಲ್ಲ. ಎರಡೂ ಬೆರೆತಾಗ ಕಸ. ಎಣ್ಣೆ ಅಂಟಿದ ಕಾಗದವನ್ನು ರದ್ದಿ ಅಂಗಡಿಯವರು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಸೇರಿದ ಅನ್ನ ಗೊಬ್ಬರಕ್ಕೆ ಬಾರದು.

ಹೀಗೆ ಬೆರೆತ ಕಸ ಹೋಗುವುದೆಲ್ಲಿಗೆ? ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯಿತು. ದುರ್ವಾಸನೆ ತಾಳಲಾರದೆ ಊರಿನವರು ಬೀದಿಗಿಳಿದರು. 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಆ ಊರಿನಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದರು. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಹುಟ್ಟಿದಲ್ಲೇ ಬೇರ್ಪಡಿಸಬೇಕೆಂದು ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು.

ಶಾಲೆಯಲ್ಲಿ ಈ ಕೆಲಸ ಶುರುವಾಗಬೇಕಾದದ್ದು ತಕ್ಕಡಿಯಿಂದ. ಬಣ್ಣದ ಡಬ್ಬಗಳ ಖರೀದಿ ಆಮೇಲಿನ ಮಾತು. ಒಂದು ವಾರ ಮಕ್ಕಳು ಮೇಷ್ಟರ ಕಣ್ಗಾವಲಿನಲ್ಲಿ, ಕೈಗವಸು ತೊಟ್ಟು, ದಿನದ ಕಸವನ್ನು ಬೇರೆಮಾಡಿ ತೂಗಿ ಬರೆದಿಡಲಿ. ಒಡೆದ ಗಾಜು, ಹಳೆಯ ಸೆಲ್ಲುಗಳನ್ನು ದೊಡ್ಡವರೇ ಎತ್ತಿಡಲಿ. ಗಣಿತದ ತರಗತಿಗೆ ಸ್ತಂಭಾಲೇಖದ ಪಾಠವೂ ಆಯಿತು. ಯಾವುದು ಹೆಚ್ಚೋ ಅದನ್ನು ಮೊದಲು ಕಡಿಮೆ ಮಾಡಬೇಕು.

ಅಂಗಳದಲ್ಲಿ ಉದುರಿದ ಹೊಂಗೆ ಎಲೆಗೆ ಬೆಂಕಿ ಹಚ್ಚುವ ಬದಲು ಗುಂಡಿ ತೋಡಿ, ಒಂದು ಪದರ ಒಣ ಎಲೆ, ಒಂದು ಪದರ ಉಳಿದ ಊಟ, ತರಕಾರಿ ಸಿಪ್ಪೆ ಹಾಕಿ ಆಗಾಗ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಕೈತೋಟಕ್ಕೆ ಗೊಬ್ಬರ ಸಿದ್ಧ. ವಾಸನೆ ಬಂದರೆ ಗುಂಡಿ ಮುಚ್ಚುವುದು ಬೇಡ. ಒಣ ಎಲೆ ಇನ್ನಷ್ಟು ಹಾಕಿದರೆ ಸಾಕು.

ಇನ್ನು ಪಾಲಕರ ಪಾಲು. ತರಗತಿಯ ಬುಟ್ಟಿಗೆ ಏನು ಬೀಳುತ್ತದೆಂಬುದು ಬೆಳಿಗ್ಗೆ ಮನೆಯಲ್ಲೇ ನಿರ್ಧಾರವಾಗಿರುತ್ತದೆ. ಮಗು ತಿನ್ನುವಷ್ಟೇ ಊಟ ಕಟ್ಟಬಹುದು. ಪೊಟ್ಟಣದ ತಿಂಡಿಗೆ ಬದಲು ಪುಟ್ಟ ಡಬ್ಬಿಯಲ್ಲಿ ಕಡಲೆಬೀಜವೋ ಚಕ್ಕುಲಿಯೋ ಹೋಗಬಹುದು. ಪುಸ್ತಕದ ಹೊದಿಕೆಗೆ ಹಳೆಯ ಕ್ಯಾಲೆಂಡರ್ ಹಾಳೆ ಸಾಲದೆ? ಹಿಂದೆ ಪರೀಕ್ಷೆ ಮುಗಿಯಿತೆಂದರೆ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು ರಫ್ ಪುಸ್ತಕ ಮಾಡುವುದು ಎಷ್ಟೋ ಮನೆಗಳ ರೂಢಿಯಾಗಿತ್ತು. ಅದನ್ನು ಬಡತನದ ಗುರುತೆಂದು ಕೈಬಿಟ್ಟವರು ಮತ್ತೆ ದಬ್ಬಣ ಹುಡುಕಬಹುದು.

ಮೂರು ತಿಂಗಳ ನಂತರ ಮತ್ತೊಮ್ಮೆ ತಕ್ಕಡಿ ಹೊರತೆಗೆಯಿರಿ. ಡಬ್ಬಗಳು ಚೆನ್ನಾಗಿ ತುಂಬುತ್ತಿವೆ ಎಂದು ಹಿಗ್ಗಬೇಡಿ. ಅವು ಹಗುರಾಗಿದ್ದರೆ ಶಾಲೆ ಗೆದ್ದಂತೆ.