ಡಬ್ಬಿಯ ಮೇಲೆ ರಾಡಿನ ಉದ್ದ ಬರೆಯಿರಿ

ಬಿಡಿಭಾಗದ ಅಂಗಡಿಗೆ ಹೋಗಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕಿಟ್ ಕೇಳಿದರೆ ಮೊದಲು ಬರುವ ಪ್ರಶ್ನೆ, ‘ಯಾವ ಗಾಡೀರಿ, ಎಷ್ಟು ಸಿಸಿ?’ ಹೇಳಿದ ಕೂಡಲೇ ಒಂದು ಡಬ್ಬಿ ಕೈಗೆ ಬರುತ್ತದೆ. ಅದರ ಮೇಲೆ ಗಾಡಿಯ ಹೆಸರಿದೆ, ಬೆಲೆ ಇದೆ, ಅಸಲಿ ಮಾಲು ಎಂದು ಸಾರುವ ಮಿನುಗು ಚೀಟಿಯೂ ಇದೆ. ಒಳಗಿನ ರಾಡು ಎಷ್ಟು ಮಿಲಿಮೀಟರ್ ಎಂಬುದು ಮಾತ್ರ ನನ್ನ ಕೈಗೆ ಬಂದ ಬಹುಪಾಲು ಡಬ್ಬಿಗಳ ಮೇಲಿಲ್ಲ. ಅಬ್ಬೆತುಮಕೂರಿನಲ್ಲಿ ಗ್ಯಾರೇಜು ನಡೆಸುವ ನನಗೆ ಬೇಕಾದದ್ದು ಅದೊಂದೇ.

ಟು-ಸ್ಟ್ರೋಕ್ ಬೈಕಿನ ಕಾಲ ಮುಗಿಯಿತು, ಅದರ ರಾಡು ಇನ್ನು ಯಾರಿಗೆ ಬೇಕು ಎನ್ನುವವರು ಯಾದಗಿರಿ, ಶಹಾಪುರ, ಸುರಪುರದ ಹೊಲದ ದಾರಿಗಳನ್ನು ನೋಡಬೇಕು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಆದರೂ ಇವು ನನ್ನ ಅಂಗಳಕ್ಕೆ ಬರುತ್ತಲೇ ಇವೆ. ಮಳೆಗಾಲದಲ್ಲಿ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಬೇಕಾಗುವುದು ಎತ್ತಿ ಬದುವಿನಾಚೆ ಇಡಬಹುದಾದ ಹಗುರ ಗಾಡಿ. ಹುಡುಗರು ಮಡ್‌ಗಾರ್ಡ್ ಎತ್ತರಿಸಿ, ಗುಂಡಿ ಟೈರು ಹಾಕಿ, ಮೊದಲ ಗೇರಿನಲ್ಲೇ ಪೂರ್ತಿ ರೇಸ್ ಕೊಟ್ಟು ದಾಟಿಸುತ್ತಾರೆ. ಬೇಸಿಗೆಯ ಧೂಳಿನದು ಬೇರೆಯೇ ಕಾಟ. ಈ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಮೊದಲು ಕ್ರ್ಯಾಂಕ್ ಕೋಣೆಗೇ ಇಳಿಯುವುದರಿಂದ, ಫಿಲ್ಟರ್ ದಾಟಿದ ಧೂಳು ರಾಡಿನ ಕೆಳಗಿನ ಬೇರಿಂಗಿಗೇ ಬಾಯಿ ಹಾಕುತ್ತದೆ. ಹೀಗೆ ರಾಡು ಬದಲಿಸುವ ಕೆಲಸಕ್ಕೆ ಬರವಿಲ್ಲ. ಅದರಲ್ಲೂ ನಮ್ಮೂರಿನ ವಿಶ್ವಾರಾಧ್ಯರ ಜಾತ್ರೆ ಹತ್ತಿರ ಬಂತೆಂದರೆ ಎಲ್ಲರಿಗೂ ನಾಳೆಯೇ ಗಾಡಿ ಬೇಕು.

ಸಿಸಿ ಕೇಳಿ ರಾಡು ಕೊಡುವ ಪದ್ಧತಿಯಲ್ಲೇ ಐಬಿದೆ. ಬೋರಿನ ಅಗಲ, ಸ್ಟ್ರೋಕಿನ ಉದ್ದ ಇವೆರಡರಿಂದ ಸಿಸಿ ಬರುತ್ತದೆ. ರಾಡು ಆ ಲೆಕ್ಕದಲ್ಲೇ ಇಲ್ಲ. ಆರ್‌ಎಕ್ಸ್ 100ಕ್ಕೆ ಬೋರ್ 50, ಸ್ಟ್ರೋಕ್ 50, ಸಿಸಿ 98. ಆರ್‌ಎಕ್ಸ್ 135ಕ್ಕೆ ಬೋರ್ 58 ಆಯಿತು, ಸಿಸಿ 132ಕ್ಕೆ ಏರಿತು, ಸ್ಟ್ರೋಕ್ ಮಾತ್ರ ಅದೇ 50. ಅಮೆರಿಕದಲ್ಲಿ ಮರಳು ದಿಬ್ಬ ಹತ್ತಿಸುವ ಯಮಹಾ ಬ್ಯಾನ್‌ಶೀ ಎಂಬ ನಾಲ್ಕು ಗಾಲಿಯ ಗಾಡಿ ಇತ್ತು. ಅದರ ಬೋರ್ 64, ಸ್ಟ್ರೋಕ್ 54. ನಮ್ಮ ರಾಜ್‌ದೂತ್ 350ರದೂ ಅದೇ ಅಳತೆ. ಬ್ಯಾನ್‌ಶೀಗೆ ಕಂಪನಿಯ ರಾಡು 110 ಮಿಲಿಮೀಟರ್. ಹೆಚ್ಚಿನ ಓಟ ಬೇಕೆನ್ನುವವರು 115ರದ್ದು ಹಾಕಿಸುತ್ತಾರೆ. ಸಿಸಿ ಒಂದು ಚೂರೂ ಬದಲಾಗುವುದಿಲ್ಲ. ಆದರೆ ಪಿನ್ನಿನ ತೂತು 5 ಮಿಲಿಮೀಟರ್ ಮೇಲಿರುವ ಬೇರೆ ಪಿಸ್ಟನ್ ಹಾಕಬೇಕು, ಇಲ್ಲವೇ ಸಿಲಿಂಡರ್ ಅಡಿಗೆ ಅಷ್ಟೇ ದಪ್ಪದ ಪಟ್ಟಿ ಕೊಡಬೇಕು. ಅಲ್ಲಿ ಕೊಳ್ಳುವವನೂ ಮಾರುವವನೂ ಮಿಲಿಮೀಟರಿನಲ್ಲೇ ಮಾತಾಡುತ್ತಾರೆ.

ಫೋರ್-ಸ್ಟ್ರೋಕ್‌ನಲ್ಲಿ ಬಾಗಿಲು ತೆಗೆದು ಮುಚ್ಚಲು ವಾಲ್ವು, ಕ್ಯಾಮ್ ಇವೆ. ಟು-ಸ್ಟ್ರೋಕ್‌ನಲ್ಲಿ ಆ ಕೆಲಸವೂ ಪಿಸ್ಟನ್ನಿನದೇ. ರಾಡು 2 ಮಿಲಿಮೀಟರ್ ಗಿಡ್ಡ ಬಂದರೆ ಪಿಸ್ಟನ್ ಎಲ್ಲ ಹೊತ್ತೂ 2 ಮಿಲಿಮೀಟರ್ ಕೆಳಗೇ ಓಡಾಡುತ್ತದೆ. ಕಂಪ್ರೆಷನ್ ಬೀಳುತ್ತದೆ, ಹೊಗೆಯ ಬಾಗಿಲು ಬೇಗ ತೆರೆಯುತ್ತದೆ, ಎಳೆತ ಹೋಗುತ್ತದೆ. ಗಿರಾಕಿ ಕಾರ್ಬ್ಯುರೇಟರನ್ನು ಬೈಯುತ್ತ ತಿಂಗಳು ಕಳೆಯುತ್ತಾನೆ. ಉದ್ದ ಬಂದರೆ ನೇರವಾಗಿ ಹೆಡ್ಡಿಗೇ ಗುದ್ದು. ಹೆಡ್ಡಿನ ಅಂಚಿಗೂ ಪಿಸ್ಟನ್ನಿಗೂ ನಡುವೆ ಉಳಿಯುವ ಜಾಗವೇ ಒಂದು, ಒಂದೂವರೆ ಮಿಲಿಮೀಟರ್.

ಹಾಗಾಗಿ ಅಳೆಯದೆ ಹಾಕುವಂತಿಲ್ಲ. ಹೊಸ ರಾಡಾದರೆ ವರ್ನಿಯರ್ ಸಾಕು. ಎರಡು ತೂತುಗಳ ಒಳಅಂಚಿನ ನಡುವಿನ ದೂರಕ್ಕೆ ದೊಡ್ಡ ತೂತಿನ ಅರ್ಧ, ಸಣ್ಣ ತೂತಿನ ಅರ್ಧ ಕೂಡಿಸಬೇಕು. ನಡುವೆ 80, ತೂತುಗಳು 26 ಮತ್ತು 18 ಇದ್ದರೆ ರಾಡು 102. ಹಳೆಯದರ ದೊಡ್ಡ ತೂತು ಕ್ರ್ಯಾಂಕಿನ ಎರಡು ಚಕ್ರಗಳ ನಡುವೆ ಹುದುಗಿರುತ್ತದೆ. ಪ್ರೆಸ್ಸಿಗೆ ಕೊಟ್ಟು ಬಿಚ್ಚಿಸುವ ಮೊದಲೇ ಉದ್ದ ಬೇಕೆಂದರೆ ಕ್ರ್ಯಾಂಕನ್ನು ವಿ-ಬ್ಲಾಕಿನ ಮೇಲಿಟ್ಟು, ರಾಡನ್ನು ನೆಟ್ಟಗೆ ತುತ್ತತುದಿಗೆ ತಂದು, ಶಾಫ್ಟಿನ ನಡುವಿನಿಂದ ಸಣ್ಣ ತೂತಿನ ನಡುವಿನವರೆಗೆ ಅಳೆದು, ಅರ್ಧ ಸ್ಟ್ರೋಕ್ ಕಳೆಯಬೇಕು. ಆರ್‌ಎಕ್ಸ್ ಆದರೆ 25.

ಹಾಗೆಂದು ಹಳೆಯ ರಾಡನ್ನೇ ಪ್ರಮಾಣವೆಂದು ನಂಬುವುದೂ ಕಷ್ಟ. ನಾಲ್ಕು ಕೈ ದಾಟಿ ಬಂದ ಗಾಡಿಯಲ್ಲಿ ಯಾವ ಗುಜರಿಯ ರಾಡು ಕೂತಿದೆಯೋ! ಸಿಲಿಂಡರ್ ಅಡಿಗೆ ದಪ್ಪನೆಯ ಅಲ್ಯೂಮಿನಿಯಂ ಪಟ್ಟಿ ಕಂಡರೆ ಹಿಂದಿನ ಮಿಸ್ತ್ರಿ ಉದ್ದ ರಾಡಿಗೆ ತೇಪೆ ಹಾಕಿದ್ದಾನೆಂದೇ ನನ್ನ ಗುಮಾನಿ. ಜೋಡಿಸಿದ ಮೇಲೆ ಪ್ಲಗ್ ತೂತಿನಿಂದ ಬೆಸುಗೆಯ ಮೆತ್ತನೆ ತಂತಿ ಇಳಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಜಜ್ಜಿದ ತಂತಿಯ ದಪ್ಪ ನೋಡದೆ ನಾನು ಕಿಕ್ ಹೊಡೆಯುವುದಿಲ್ಲ.

ಇಷ್ಟೆಲ್ಲ ಮಿಸ್ತ್ರಿಯ ಕೆಲಸ, ಒಪ್ಪಿದೆ. ಆದರೆ ತಯಾರಿಸಿದವನಿಗೆ ಗೊತ್ತಿರುವ ಅಳತೆಯನ್ನು ಡಬ್ಬಿ ಒಡೆದ ಮೇಲೆ ನಾನು ಕಂಡುಹಿಡಿಯಬೇಕೇಕೆ? ಒಡೆದ ಡಬ್ಬಿಯನ್ನು ವಾಪಸ್ ತೆಗೆದುಕೊಳ್ಳುವ ಅಂಗಡಿ ಅಪರೂಪ. ಪೊಟ್ಟಣದ ಸರಕುಗಳ ಬಗ್ಗೆ 2011ರಿಂದ ಕೇಂದ್ರದ ನಿಯಮಗಳಿವೆ. ಅವುಗಳ 6ನೇ ನಿಯಮ, ಸರಕಿನ ಗಾತ್ರ ಮುಖ್ಯವಾಗುವ ಕಡೆ ಅದರ ಅಳತೆಯನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎನ್ನುತ್ತದೆ. ಗಾತ್ರ ಮುಖ್ಯವಾಗುವ ಸರಕು ರಾಡಿಗಿಂತ ಬೇರೆ ಯಾವುದಿದೆ? ಸಂತೆಯ ಚಪ್ಪಲಿಗೂ ನಂಬರ್ ಇರುತ್ತದೆ. ರಾಡಿನ ಉದ್ದ, ಎರಡೂ ತೂತುಗಳ ವ್ಯಾಸ, ದೊಡ್ಡ ತುದಿಯ ದಪ್ಪ ಇವು ನಾಲ್ಕು ಅಂಕಿ, ಒಂದು ಸಾಲು. ಪಿಸ್ಟನ್ ಡಬ್ಬಿಯ ಮೇಲೆ ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರವೂ ಬೇಕು. ರಾಡನ್ನೂ ಅದನ್ನೂ ಕೂಡಿಸಿ ನೋಡದಿದ್ದರೆ ಯಾವುದೊಂದರ ಅಳತೆಯೂ ಉಪಯೋಗಕ್ಕೆ ಬರುವುದಿಲ್ಲ.

ಈ ಮಾತು ತೆಗೆದಾಗ ಪರಿಚಯದ ಅಂಗಡಿಯವರೊಬ್ಬರು ನಕ್ಕರು. ‘ಡಬ್ಬಿ ಮ್ಯಾಲ ಅಳತಿ ಬರದ್ರ ಯಾರ್ ಓದ್ತಾರ ಮಿಸ್ತ್ರಿ? ಮಂದಿ ರೇಟ್ ನೋಡ್ತಾರ.’ ಗಿರಾಕಿ ಓದದಿರಬಹುದು. ಅಳತೆ ಮಿಸ್ತ್ರಿಗೆ ಬೇಕು, ತಪ್ಪು ಮಾಲು ಬಂದರೆ ಕಂಪನಿಗೆ ವಾಪಸ್ ಕಳಿಸಲು ಅವರಿಗೂ ಬೇಕು. ಪೆಟ್ರೋಲ್ ಬಂಕಿನ ಲೀಟರು, ಕಿರಾಣಿಯ ತಕ್ಕಡಿ ಪರೀಕ್ಷಿಸಲು ಬರುವ ಅಧಿಕಾರಿಗಳು ಇನ್ನು ಮುಂದೆ ಬಿಡಿಭಾಗದ ಅಂಗಡಿಯ ಕಪಾಟಿನ ಮೇಲೂ ಕಣ್ಣಾಡಿಸಲಿ. ಅಲ್ಲಿಯವರೆಗೆ ನನ್ನ ಬಿಲ್ಲಿನ ಹಿಂಬದಿಯಲ್ಲಿ ಗಾಡಿಯ ನಂಬರಿನ ಕೆಳಗೆ ಹಾಕಿದ ರಾಡಿನ ಉದ್ದ ಬರೆದು ಕೊಡುತ್ತೇನೆ. ಮುಂದೆ ಯಾರು ಆ ಎಂಜಿನ್ ಬಿಚ್ಚಿದರೂ ಅವರಿಗೆ ಅದು ಬೇಕಾಗುತ್ತದೆ.