ರಾತ್ರಿಯ ಲಾರಿಗಳೂ ಕರಾವಳಿಯ ಊರುಗಳೂ

66ನೆಯ ರಾಷ್ಟ್ರೀಯ ಹೆದ್ದಾರಿಯು ಕುಮಟೆ, ಹೊನ್ನಾವರ, ಭಟ್ಕಳಗಳನ್ನು ಹಾಯ್ದು ಹೋಗುವದು. ಘಟ್ಟವಿಳಿದು ಬರುವ 69ನೆಯ ಹೆದ್ದಾರಿಯೂ ಹೊನ್ನಾವರದಲ್ಲಿ ಅದನ್ನು ಕೂಡಿಕೊಳ್ಳುವದು. ವ್ಯಾಪಾರಕ್ಕೆ ಈ ಮಾರ್ಗವು ಅವಶ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸರಕಿನ ಲಾಭವು ಬಹುಮಟ್ಟಿಗೆ ದೂರದ ಪಟ್ಟಣಗಳಿಗೆ ಸಲ್ಲುತ್ತಿರಲು, ಹೊಗೆಯೂ ನಿದ್ರಾಭಂಗವೂ ರಸ್ತೆಯಂಚಿನ ಮನೆಗಳ ಪಾಲಿಗೆ ಬರುವದು ಯಾವ ನ್ಯಾಯ?

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಆಲ್ಪ್ಸ್ ಪರ್ವತಗಳ ಕಣಿವೆಗಳಲ್ಲಿ ವಾಸಿಸುವ ಆಸ್ಟ್ರಿಯದ ಜನರೂ ಇದನ್ನೇ ಕೇಳಿದರು. ಅಲ್ಲಿ ಏಳೂವರೆ ಟನ್ನು ಮೀರಿದ ಲಾರಿಗಳು ರಾತ್ರಿ 10ರಿಂದ ಬೆಳಗಿನ 5 ಗಂಟೆಯವರೆಗೆ ಸಂಚರಿಸಬೇಕಾದರೆ ಸಾಮಾನ್ಯವಾಗಿ ಕಡಿಮೆ ಸದ್ದಿನವೆಂದು ಪ್ರಮಾಣಿತವಾಗಿರಬೇಕು. ಹಸಿರು ಫಲಕದ ಮೇಲಿನ 'ಎಲ್' ಅಕ್ಷರವೇ ಅದರ ಗುರುತು. ಜರ್ಮನಿಯು 2008ರಿಂದ ಹೊಗೆಯ ಪ್ರಮಾಣವನ್ನನುಸರಿಸಿ ಕೆಂಪು, ಹಳದಿ, ಹಸಿರು ಚೀಟಿಗಳನ್ನು ಗಾಜಿಗೆ ಅಂಟಿಸುವ ಕ್ರಮವನ್ನು ಆಚರಣೆಗೆ ತಂದಿತು. ಯೋಗ್ಯ ಬಣ್ಣವಿಲ್ಲದ ವಾಹನಕ್ಕೆ ಗೊತ್ತುಪಡಿಸಿದ ನಗರಭಾಗದಲ್ಲಿ ಪ್ರವೇಶವಿಲ್ಲ. ಚೀಟಿಯ ಬೆಲೆಯಿರುವದು ಅದರ ಬಣ್ಣದಲ್ಲಲ್ಲ, ಅದು ತೆರೆಯುವ ಅಥವಾ ಮುಚ್ಚುವ ಬಾಗಿಲಿನಲ್ಲಿ.

ನಮ್ಮಲ್ಲಿಯೂ ನಿಯಮಗಳಿಗೆ ಕೊರತೆಯಿಲ್ಲ. ಭಾರತ್ ಸ್ಟೇಜ್ 6 ಮಾನದಂಡವು 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯಿಸಿತು. ಆದರೆ ಅದು ಹೊಸ ವಾಹನಗಳ ಮಾತು. ಹಳೆಯ ಲಾರಿಗಳು ಹಳೆಯ ಮಾನದಂಡದಲ್ಲಿಯೇ ಓಡುತ್ತಿವೆ. ಅವುಗಳ ತಪಾಸಣೆಯಲ್ಲಿ ಡೀಸೆಲ್ ಹೊಗೆಯ ದಟ್ಟಣೆಯನ್ನಷ್ಟೆ ಅಳೆಯುವರು, ಹಾರ್ನಿನ ಗದ್ದಲವನ್ನಲ್ಲ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ದಿಲ್ಲಿಯ ವಾಹನಗಳಿಗೆ ಒಪ್ಪಿದ ಬಣ್ಣದ ಚೀಟಿಯಲ್ಲಿ ಕಿತ್ತಳೆಯು ಡೀಸೆಲ್ಲನ್ನು ಸೂಚಿಸುವದು. ಲಾರಿಯು ಎಷ್ಟು ಸದ್ದು ಮಾಡುವದೆಂಬುದನ್ನು ತಿಳಿಸುವದಿಲ್ಲ.

ಸದ್ದಿನ ವಿಷಯದಲ್ಲಿಯೂ ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿಯು 45 ಡೆಸಿಬೆಲ್. ತುರ್ತು ಪ್ರಸಂಗದ ಹೊರತು ಅಲ್ಲಿ ರಾತ್ರಿ ಹಾರ್ನು ಊದಲಾಗದು. ಕರ್ಕಶವಾದ ಹಾಗೂ ಬಹುಸ್ವರದ ಹಾರ್ನುಗಳನ್ನು 1989ರ ಮೋಟಾರು ವಾಹನ ನಿಯಮಗಳೇ ನಿಷೇಧಿಸಿವೆ. ಇಷ್ಟಾದರೂ ನಮ್ಮ ಲಾರಿಗಳು ಬೆನ್ನ ಮೇಲೆ ಹಾರ್ನು ಊದಿರೆಂಬ ಆಮಂತ್ರಣವನ್ನು ಬರೆಯಿಸಿಕೊಂಡು ತಿರುಗುತ್ತವೆ! ಆ ಬರಹವನ್ನು ಮಹಾರಾಷ್ಟ್ರವು 2015ರಲ್ಲಿ ನಿಷೇಧಿಸಬೇಕಾಯಿತು. ಯುರೋಪಿನ ಲಾರಿಯು ತಾನು ಮೆಲ್ಲನೆ ಸಾಗುವೆನೆಂದು ಸಾರುತ್ತಿರಲು, ನಮ್ಮದು ಗದ್ದಲವನ್ನು ಬೇಡುತ್ತದೆ.

ಚಾಲಕನನ್ನು ಮಾತ್ರ ದೂಷಿಸುವದು ಸುಲಭ, ಆದರೆ ಸರಿಯಲ್ಲ. ದನಗಳೂ ಪಾದಚಾರಿಗಳೂ ಅಡ್ಡ ಬರುವ ಮಾರ್ಗದಲ್ಲಿ ಗೊತ್ತಾದ ವೇಳೆಗೆ ಸರಕು ಮುಟ್ಟಿಸುವ ಹೊರೆಯು ಅವನ ಮೇಲಿದೆ. ಕರ್ಕಶ ಹಾರ್ನನ್ನು ಇಡಗೊಟ್ಟ ಮಾಲೀಕನೂ, ಅದನ್ನು ಕಂಡೂ ಬಿಟ್ಟ ಅಧಿಕಾರಿಯೂ ಹೊಣೆಗಾರರೇ.

ಆದುದರಿಂದ ಜಿಲ್ಲಾಡಳಿತವು ಮೂರೂ ಊರುಗಳ ಎಲ್ಲೆಯಲ್ಲಿ ರಾತ್ರಿಯ ವೇಗದ ಹಾಗೂ ಶಬ್ದದ ಮಿತಿಯನ್ನು ದೊಡ್ಡಕ್ಷರಗಳಲ್ಲಿ ಸಾರಲಿ. ಯೋಗ್ಯತಾ ತಪಾಸಣೆಯಲ್ಲಿ ನಿಷಿದ್ಧ ಹಾರ್ನು ಕಂಡುಬಂದರೆ ಅದನ್ನು ಕಳಚುವವರೆಗೆ ಪ್ರಮಾಣಪತ್ರವನ್ನು ಕೊಡದಿರಲಿ. ಇನ್ನೊಂದು ಉಪಾಯವು ನಮ್ಮ ಮನೆಯಂಗಳದಲ್ಲಿಯೇ ಇದೆ. ಲಾರಿಗಳನ್ನೇ ರೈಲಿನ ಮೇಲೆ ಒಯ್ಯುವ ವ್ಯವಸ್ಥೆಯನ್ನು ಕೊಂಕಣ ರೈಲ್ವೆಯು 1999ರಲ್ಲಿ ಕೊಲಾಡ–ವೆರ್ಣಾಗಳ ನಡುವೆ ಆರಂಭಿಸಿ, ಮುಂದೆ ಸುರತ್ಕಲ್ಲಿನವರೆಗೆ ವಿಸ್ತರಿಸಿತು. ಅದರ ಹಳಿಯು ಕುಮಟೆ, ಹೊನ್ನಾವರ, ಭಟ್ಕಳಗಳ ಮೇಲೆಯೇ ಹಾಯುವದು. 2022ರಲ್ಲಿ ಮಾರ್ಗದ ವಿದ್ಯುದೀಕರಣವೂ ಮುಗಿದಿದೆ. ಹೀಗೆ ರೈಲನ್ನೇರಿದ ಲಾರಿಯು ಈ ಊರುಗಳಲ್ಲಿ ಹೊಗೆಯನ್ನೂ ಕಾರದು, ಹಾರ್ನನ್ನೂ ಊದದು.

ನಿಯಮವನ್ನು ಅಚ್ಚು ಹಾಕಿಸಿದ ಮಾತ್ರಕ್ಕೆ ಸರಕಾರದ ಕರ್ತವ್ಯವು ತೀರಲಿಲ್ಲ. ರಸ್ತೆಯಂಚಿನ ರೋಗಿಗೆ ನಿದ್ದೆ ಬಂದ ದಿನ ಅದು ತೀರುವದು.