ಗಿಯಾಕೊಮೊ ಅಲ್ಲ, ಜಾಕೊಮೊ

ನೀಲಗಿರಿಯ ತೊದವರನ್ನೂ ಬಡಗರನ್ನೂ ಕಂಡು ಬರೆದ ಮೊದಲ ಯುರೋಪಿಯನ್ ಎಂದು ಗಣಿತನಾದವನು ಇಟಲಿಯ ಜೆಸ್ಯುಟ್ ಪಾದ್ರಿ. ಮಲೆಯ ಮೇಲೆ ಪ್ರಾಚೀನ ಕ್ರೈಸ್ತರ ಸಂತತಿಯಿದೆ ಎಂಬ ವಾರ್ತೆಯನ್ನು ಪರೀಕ್ಷಿಸಲು ಘಟ್ಟವನ್ನೇರಿದ ಆತ, 1603ರಲ್ಲಿ ಕಲ್ಲಿಕೋಟೆಯಿಂದ ವರದಿ ಬರೆದನು. ರಿವರ್ಸ್ ವಿದ್ವಾಂಸನು ತೊದವರನ್ನು ಕುರಿತ ತನ್ನ 1906ರ ಗ್ರಂಥದ ಅನುಬಂಧದಲ್ಲಿ ಅದರ ಅನುವಾದವನ್ನು ಕೊಟ್ಟಿದ್ದಾನೆ. ಆದರೆ ಆ ಪಾದ್ರಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಂದ ಕನ್ನಡಕ್ಕಿಳಿಸುವಾಗ ‘ಗಿಯಾಕೊಮೊ’, ‘ಜೇಕಮ್’ ಮುಂತಾದ ರೂಪಗಳು ಹುಟ್ಟಿಕೊಳ್ಳುತ್ತವೆ.

ಇಟಾಲಿಯನ್ ಬರವಣಿಗೆಯಲ್ಲಿ ಈ ಹೆಸರಿನ ಎರಡನೆಯ ಅಕ್ಷರವಾದ ‘ಐ’ಗೆ ಸ್ವಂತ ಉಚ್ಚಾರಣೆಯಿಲ್ಲ, ಅದರ ಹಿಂದಿನ ಅಕ್ಷರವನ್ನು ‘ಗ’ ಎನ್ನದೆ ‘ಜ’ ಎನ್ನಬೇಕೆಂಬುದಕ್ಕೆ ಅದು ಗುರುತು ಮಾತ್ರ. ಆದ್ದರಿಂದ ಜಾಕೊಮೊ, ಒತ್ತು ಮೊದಲಕ್ಷರದ ಮೇಲೆ. ಕವಿ ಲೆಯೊಪಾರ್ದಿಯ ಹೆಸರೂ ಸಂಗೀತಕಾರ ಪುಚ್ಚೀನಿಯ ಹೆಸರೂ ಇದೇ. ಅದೇ ನಿಯಮದಿಂದ ಪಾದ್ರಿಯ ಕುಲನಾಮ ‘ಫೆನಿಸಿಯೊ’ ಅಲ್ಲ, ಫೆನಿಚೊ.

ಹೆಸರಿನ ಮೂಲ ಹೀಬ್ರೂ ಭಾಷೆಯ ಯಾಕೋಬ. ಅಣ್ಣನ ಹಿಮ್ಮಡಿಯನ್ನು ಹಿಡಿದುಕೊಂಡೇ ಹುಟ್ಟಿದವನ ಕಥೆ ಅದರ ಅರ್ಥಕ್ಕೆ ಅಂಟಿಕೊಂಡಿದೆ. ಲ್ಯಾಟಿನ್ನಿನಲ್ಲಿ ಇಯಾಕೋಬುಸ್ ಆಗಿ, ಆಡುಮಾತಿನಲ್ಲಿ ಬಕಾರವು ಮಕಾರವಾಗಿ, ಜಾಕೊಮೊ ಆಯಿತು. ಇಂಗ್ಲಿಷಿನಲ್ಲಿ ಮೂಲಪುರುಷನು ಜೇಕಬ್, ಅಪೊಸ್ತಲನು ಜೇಮ್ಸ್. ಇಟಾಲಿಯನ್ನಿನಲ್ಲಿಯೂ ಹೀಗೆಯೇ ಎರಡು ರೂಪಗಳು. ಕನ್ನಡ ಬೈಬಲಿನಲ್ಲಿ ಇಬ್ಬರೂ ಯಾಕೋಬರೇ! ಇಂಗ್ಲಿಷ್ ಓದುಗನಿಗೆ ಮರೆಯಾದ ನಂಟು ಕನ್ನಡಿಗನಿಗೆ ಅನಾಯಾಸವಾಗಿ ಕಾಣುತ್ತದೆ.

ಇದು ಪಂಡಿತರ ಹಟವೆಂದು ಆಕ್ಷೇಪಿಸಬಹುದು. ಪ್ಯಾರಿಸ್ಸನ್ನು ‘ಪಾರಿ’ ಎಂದು ತಿದ್ದಹೊರಡುವುದು ಹಟವೇ ಸರಿ. ಬಳಕೆಯಲ್ಲಿ ನೆಲೆನಿಂತ ರೂಪವನ್ನು ಕದಲಿಸಬೇಕಾಗಿಲ್ಲ. ಫೆನಿಚೊನ ಹೆಸರಾದರೋ ಕನ್ನಡದಲ್ಲಿ ಇನ್ನೂ ನೆಲೆನಿಂತಿಲ್ಲ. ಅಲ್ಲದೆ ಆತ ಕಂಡ ಬೆಟ್ಟದ ಹೆಸರುಗಳೇ ಪರಲಿಪಿಗಳಲ್ಲಿ ರೂಪ ಕಳೆದುಕೊಂಡಿವೆ. ಕೂನೂರಿನ ಬಳಿಯ ಹುಬ್ಬತಲೆ ತಮಿಳು ಬರಹದಲ್ಲಿ ‘ಉಪತಲೈ’. ಬಕಾರಕ್ಕೂ ಪಕಾರಕ್ಕೂ ಒಂದೇ ಅಕ್ಷರವಿರುವ ಆ ಲಿಪಿಯಲ್ಲಿ ‘ಬಡಗ’ ಎಂಬುದನ್ನು ಮೊದಲೇ ಬಲ್ಲವನು ಮಾತ್ರ ಸರಿಯಾಗಿ ಓದಬಲ್ಲನು. ಅದು ತಮಿಳಿನ ದೋಷವಲ್ಲ, ಆ ಲಿಪಿಯ ಜಾಯಮಾನ. ಕನ್ನಡಕ್ಕೆ ಅಂಥ ನೆಪವೂ ಇಲ್ಲ. ಜಾ, ಕೊ, ಮೊ ಮೂರೂ ವರ್ಣಮಾಲೆಯಲ್ಲಿಯೇ ಇವೆ. ಹುಬ್ಬತಲೆಗಾಗಿ ಮರುಗುವವರು ಜಾಕೊಮೊನನ್ನು ಗಿಯಾಕೊಮೊ ಮಾಡುವುದು ಹೇಗೆ ಒಪ್ಪುತ್ತದೆ?

ಪೋರ್ಚುಗೀಸರ ಆಶ್ರಯದಲ್ಲಿ ದುಡಿದುದರಿಂದ ಆತನಿಗೆ ‘ಜಾಕೊಮೆ’ ಎಂಬ ರೂಪವೂ ಬಂದಿತು. ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಜಾಕೊಮೊ ಫೆನಿಚೊ ಎಂದು ಬರೆದು, ಮೊದಲ ಉಲ್ಲೇಖದಲ್ಲಿ ಈ ಪೋರ್ಚುಗೀಸ್ ರೂಪವನ್ನೂ ಸೂಚಿಸಿದರೆ ಸಾಕು.